ಮನೆಯಲ್ಲೇ ಇಯರ್‌ಫೋನ್ ಕೇಬಲ್: ಪಿನ್ನಿನ ಬಾಲ ನೋಡಿ, ಬೆಸುಗೆಯ ಹೊಟ್ಟೆ ನೋಡಿ

ನನ್ನ ಮೇಜಿನ ಡ್ರಾಯರ್‌ನಲ್ಲಿ ಸತ್ತ ಇಯರ್‌ಫೋನ್‌ಗಳ ಒಂದು ರಾಶಿಯೇ ಇತ್ತು. ನಮ್ಮವು, ಪಕ್ಕದ ಮನೆಯವರವು, ತಂಗಿಯ ಮಗ ಎಸೆಯಲು ಹೊರಟಿದ್ದವು, ಎಲ್ಲಾ ಸೇರಿ ಹದಿನಾಲ್ಕು. ಒಂದು ಭಾನುವಾರ ಕರೆಂಟ್ ಇಲ್ಲದ ಮಧ್ಯಾಹ್ನ ಕೂತು ಒಂದೊಂದನ್ನೇ ಬ್ಲೇಡಿನಿಂದ ಸೀಳಿ ನೋಡಿದೆ. ಹತ್ತರಲ್ಲಿ ತಂತಿ ತುಂಡಾಗಿದ್ದದ್ದು ಒಂದೇ ಜಾಗದಲ್ಲಿ. ಪಿನ್ನಿನ ಹಿಂದೆ, ಕೇಬಲ್ ಹೊರಗೆ ಬರುವ ಆ ಅರ್ಧ ಇಂಚಿನಲ್ಲಿ. ಇನ್ನೆರಡರಲ್ಲಿ ತಂತಿ ಚೆನ್ನಾಗಿಯೇ ಇತ್ತು, ಆದರೆ ಬೆಸುಗೆ ಹಸಿರುಗಟ್ಟಿ ಪುಡಿಯಾಗಿತ್ತು. ಉಳಿದ ಎರಡು ಯಾಕೆ ಸತ್ತವು ಅಂತ ನನಗೆ ಗೊತ್ತಾಗಲಿಲ್ಲ.

ಹೀಗಿದ್ದರೂ ಮನೆಯಲ್ಲಿ ಕೇಬಲ್ ಮಾಡಲು ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ಚಿನ್ನದ ಲೇಪ, ಬೆಳ್ಳಿ ತಂತಿ, ಬೆಳ್ಳಿ ಬೆರೆಸಿದ ಬೆಸುಗೆ ಇವುಗಳ ಬಗ್ಗೆ. ನಾನೂ ಹಾಗೇ ಶುರು ಮಾಡಿದವನು, ದುಡ್ಡೂ ಕಳೆದುಕೊಂಡೆ. ಈಗ ಪಿನ್ ಕೊಳ್ಳುವಾಗ ಅದರ ಬಾಲ, ಅಂದರೆ ಕೇಬಲ್ ಹಿಡಿಯುವ ಹಿಂಬದಿ, ನೋಡುತ್ತೇನೆ, ಬೆಸುಗೆ ಕೊಳ್ಳುವಾಗ ಅದರ ಹೊಟ್ಟೆಯೊಳಗಿನ ಫ್ಲಕ್ಸ್ (ಕಿಲುಬು ತೆಗೆದು ಬೆಸುಗೆ ಹಿಡಿಯುವಂತೆ ಮಾಡುವ ಪದಾರ್ಥ) ಯಾವುದು ಅಂತ ನೋಡುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಅಂಗಡಿಗೆ ಹೋಗುವ ಮೊದಲು ಒಂದು ಮಾತು. ನಮ್ಮ ದಾವಣಗೆರೆಯಲ್ಲಿ ರೇಡಿಯೋ, ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ‘ಪ್ಲಗ್’ ಕೊಡಿ ಅಂದರೆ ಗೋಡೆಗೆ ಹಾಕುವ ತ್ರೀ ಪಿನ್ ತಂದು ಇಡುತ್ತಾರೆ. ‘ಇಪಿ ಸ್ಟೀರಿಯೋ ಪಿನ್’ ಅನ್ನಿ, ತಕ್ಷಣ ಅರ್ಥವಾಗುತ್ತದೆ. ಹಾಗೇ ಬೆಸುಗೆ ತಂತಿಗೆ ಅಲ್ಲಿನ ಹೆಸರು ‘ಲೆಡ್’, ಅದರಲ್ಲಿ ಲೆಡ್ ಇರಲಿ ಬಿಡಲಿ. ಇಲ್ಲಿ ಸಿಗುವ ಪಿನ್ ಸಾಮಾನ್ಯವಾಗಿ 20-30 ರೂಪಾಯಿಯವು. ಅಭ್ಯಾಸಕ್ಕೆ ಅವೇ ಸರಿ, ನಾಲ್ಕು ತಂದಿಡಿ, ಎರಡು ಕರಗಿಸಿಯೇ ಕರಗಿಸುತ್ತೀರಿ. ಒಳ್ಳೆಯದು ಬೇಕಾದರೆ ಆನ್‌ಲೈನ್, ಇಲ್ಲವೇ ಬೆಂಗಳೂರಿಗೆ ಹೋದವರ ಕೈಯಲ್ಲಿ ಎಸ್.ಪಿ. ರಸ್ತೆಯಿಂದ ತರಿಸಿಕೊಳ್ಳುವುದು.

ಮೊದಲು ತೂತು, ಆಮೇಲೆ ಪಿನ್

ಕೇಬಲ್ ಯಾವುದಕ್ಕೆ ಚುಚ್ಚುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಫೋನ್, ಲ್ಯಾಪ್‌ಟಾಪ್, ಟೈಪ್ ಸಿ ಡಾಂಗಲ್ ಆದರೆ 3.5 ಎಂಎಂ. ಅದರಲ್ಲಿ ಎರಡು ಕಪ್ಪು ಪಟ್ಟಿ ಇದ್ದರೆ ಮೂರು ಭಾಗ: ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಎರಡಕ್ಕೂ ಸೇರಿದ ಗ್ರೌಂಡ್. ಮೂರು ಪಟ್ಟಿ ಇದ್ದರೆ ನಾಲ್ಕು ಭಾಗ, ಅಂದರೆ ಮೈಕ್ ಕೂಡ ಸೇರಿದೆ. ಈಗಿನ ಫೋನ್‌ಗಳಲ್ಲಿ ನಡೆಯುವುದು ಸಿಟಿಐಎ ಕ್ರಮ: ತುದಿಯಿಂದ ಎಡ, ಬಲ, ಗ್ರೌಂಡ್, ಮೈಕ್. ಹಳೆಯ ಓಎಂಟಿಪಿ ಕ್ರಮದಲ್ಲಿ ಕೊನೆಯ ಎರಡು ಅದಲು ಬದಲು. ಹಳೆಯ ಫೋನಿಗೆ ಹೊಸ ಇಯರ್‌ಫೋನ್ ಹಾಕಿದಾಗ ಹಾಡುಗಾರನ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದಲ್ಲ, ಅದಕ್ಕೆ ಕಾರಣ ಇದೇ. ಮೊದಲ ಕೇಬಲ್‌ಗೆ ಮೈಕ್ ಗೋಜು ಬೇಡ. ಮೂರು ಭಾಗದ ಪಿನ್ ಫೋನಿನಲ್ಲೂ ಸರಿಯಾಗಿ ಕೆಲಸ ಮಾಡುತ್ತದೆ.

ಫೋನಿಗೆ ಕವರ್ ಹಾಕಿದ್ದೀರಾ? ಹಾಗಾದರೆ ಪಿನ್ನಿನ ಕುತ್ತಿಗೆ ನೋಡಿ. ದಪ್ಪ ಲೋಹದ ಬ್ಯಾರಲ್ (ಬೆಸುಗೆಯನ್ನು ಮುಚ್ಚುವ ಹೊರ ಕೊಳವೆ) ನೇರವಾಗಿ ಪಿನ್ನಿನ ಬುಡಕ್ಕೇ ಬಂದು ಕೂತಿದ್ದರೆ ಅದು ಕವರಿನ ತೂತಿನಲ್ಲಿ ಇಳಿಯುವುದಿಲ್ಲ. ಪಿನ್ನಿನ ಉದ್ದ ಸುಮಾರು 14 ಎಂಎಂ. ಅದರಲ್ಲಿ ಒಂದೇ ಎಂಎಂ ಹೊರಗೆ ಉಳಿದರೂ ಒಂದು ಕಿವಿ ಮಾಯ. ನಾನು ಹೀಗೆ ನೋಡಲು ಚೆಂದವಾದ ಒಂದು ದಪ್ಪ ಪಿನ್ ಹಾಕಿ ಕೇಬಲ್ ಪೂರ್ತಿ ಮಾಡಿ, ಕೊನೆಗೆ ಫೋನಿನ ಕವರನ್ನೇ ಕತ್ತರಿಯಿಂದ ಕತ್ತರಿಸಿದ್ದೇನೆ. ಕುತ್ತಿಗೆ ಸಣ್ಣಗಿದ್ದು ಮೆಟ್ಟಿಲಿನ ಹಾಗೆ ಇಳಿದಿರುವ ಪಿನ್ ಬೇಕು.

ಇನ್ನು ಬ್ಯಾಲೆನ್ಸ್ಡ್ ಔಟ್‌ಪುಟ್ (ಎರಡು ಕಿವಿಗೂ ಬೇರೆ ಬೇರೆ ಪ್ಲಸ್, ಮೈನಸ್ ಕೊಡುವ ತೂತು) ಇರುವ ಡಿಎಸಿ (ಡಿಜಿಟಲ್ ಹಾಡನ್ನು ಇಯರ್‌ಫೋನಿಗೆ ಬೇಕಾದ ಸಿಗ್ನಲ್ ಮಾಡುವ ಸಾಧನ) ಅಥವಾ ಪ್ಲೇಯರ್ ಇದ್ದವರಿಗೆ 2.5 ಮತ್ತು 4.4 ಎಂಎಂ. 2.5ರ ಸಹವಾಸ ಬೇಡ ಅಂತ ನನ್ನ ಸಲಹೆ. ಅದು ಕಡ್ಡಿಯಷ್ಟು ಸಣ್ಣ, ಜೇಬಿನಲ್ಲಿ ಬಾಗಿದರೆ ತೂತಿನೊಳಗೇ ಮುರಿದು ಉಳಿಯುತ್ತದೆ, ಅದನ್ನು ಹೊರಗೆ ತೆಗೆಯುವುದು ಹಲ್ಲು ಕೀಳುವ ಕೆಲಸ. ಆದರೂ ಬೇಕೇ ಬೇಕು ಅನ್ನುವವರಿಗೆ ಜೋಡಣೆಯ ಕ್ರಮ: ತುದಿಯಿಂದ ಬಲ ಮೈನಸ್, ಬಲ ಪ್ಲಸ್, ಎಡ ಪ್ಲಸ್, ಎಡ ಮೈನಸ್. 4.4 ಗಟ್ಟಿಮುಟ್ಟು. ಜಪಾನಿನ ಜೈಟಾ ಸಂಸ್ಥೆ 2016ರಲ್ಲಿ ನಿಗದಿ ಮಾಡಿದ ಮಟ್ಟ ಇದು, ಪೆಂಟಾಕಾನ್ ಅನ್ನುವ ಹೆಸರಲ್ಲಿ ಜಾಸ್ತಿ ಪರಿಚಿತ. ಐದು ಭಾಗ: ಎಡ ಪ್ಲಸ್, ಎಡ ಮೈನಸ್, ಬಲ ಪ್ಲಸ್, ಬಲ ಮೈನಸ್, ಬುಡದಲ್ಲಿ ಗ್ರೌಂಡ್. ಇಯರ್‌ಫೋನಿಗೆ ಮೊದಲ ನಾಲ್ಕು ಸಾಕು, ಗ್ರೌಂಡ್ ಖಾಲಿ ಬಿಡಿ.

ಇಲ್ಲಿ ಒಂದು ಅಪಾಯ ಇದೆ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಒಂದು ರಾತ್ರಿ ಬಾಗಿಲು ಬಡಿದ. “ಅಣ್ಣಾ, ಡಿಎಸಿ ಬಿಸಿ ಆಗ್ತೈತೆ, ಸೌಂಡ್ ಕಟ್ ಕಟ್ ಅಂತೈತೆ.” ಏನು ಮಾಡಿದ್ದ ಅಂದರೆ, 4.4 ಪಿನ್ ತಗೊಂಡು ಅದರ ಹಿಂದೆ 3.5ರ ಹೆಣ್ಣು ಸಾಕೆಟ್ ಜೋಡಿಸಿ, ತನ್ನ ಹಳೆಯ ಇಯರ್‌ಫೋನನ್ನು ಬ್ಯಾಲೆನ್ಸ್ಡ್ ತೂತಿಗೆ ಹಾಕಿದ್ದ. ಹಳೆಯ ಕೇಬಲ್‌ನಲ್ಲಿ ಎರಡೂ ಮೈನಸ್ ಒಂದಾಗಿರುತ್ತವೆ. ಬ್ಯಾಲೆನ್ಸ್ಡ್ ಆಂಪ್‌ನಲ್ಲಿ ಆ ಎರಡು ಮೈನಸ್ ಅಂದರೆ ಗ್ರೌಂಡ್ ಅಲ್ಲ, ಅವೂ ಬೇರೆ ಬೇರೆ ಆಂಪ್‌ಗಳ ಔಟ್‌ಪುಟ್. ಎರಡನ್ನೂ ಸೇರಿಸಿದರೆ ಒಂದನ್ನೊಂದು ಗುದ್ದಾಡಿಕೊಳ್ಳುತ್ತವೆ. ಅವನ ಪುಣ್ಯ, ಡಿಎಸಿ ಉಳಿಯಿತು. ಇದರ ಉಲ್ಟಾ ಮಾಡಬಹುದು: 4.4 ಪಿನ್ ಇರುವ ಕೇಬಲನ್ನು ಅಡಾಪ್ಟರ್ ಮೂಲಕ ಮಾಮೂಲಿ 3.5ಕ್ಕೆ ಹಾಕಿದರೆ ಏನೂ ಆಗುವುದಿಲ್ಲ.

ಅದಕ್ಕೇ ನಾನು 3.5 ಪಿನ್ ಹಾಕುವಾಗಲೂ ಕೇಬಲ್‌ನಲ್ಲಿ ನಾಲ್ಕು ಎಳೆಯನ್ನೇ ಪಿನ್ನಿನವರೆಗೂ ತರುತ್ತೇನೆ. ಮೈನಸ್ ಎರಡನ್ನೂ ಪಿನ್ನಿನ ಬುಡದಲ್ಲಿ ಮಾತ್ರ ಸೇರಿಸುತ್ತೇನೆ. ನಾಳೆ 4.4 ಬೇಕೆನಿಸಿದರೆ ಪಿನ್ ಕತ್ತರಿಸಿ ಬೇರೆ ಹಾಕಿದರಾಯಿತು. ಇನ್ನೊಂದು ಲಾಭವೂ ಇದೆ: ಗ್ರೌಂಡ್ ತಂತಿ ಎರಡೂ ಕಿವಿಗೆ ಒಂದೇ ಆದಾಗ ಎಡದ ದನಿ ಬಲಕ್ಕೆ ಸ್ವಲ್ಪ ಸೋರುತ್ತದೆ, ಬೇರೆ ಬೇರೆ ಆದರೆ ಅದು ಕಡಿಮೆ.

ಬಾಲ ನೋಡಿ

ಈಗ ಪಿನ್ನನ್ನು ತಿರುಗಿಸಿ ಹಿಂಬದಿ ನೋಡಿ. ಕೇಬಲ್ ಒಳಗೆ ಹೋಗುವ ತೂತು ಎಷ್ಟು ಅಗಲ? ಪಿನ್ನಿನ ವಿವರದಲ್ಲಿ ಎಷ್ಟು ಎಂಎಂ ಕೇಬಲ್ ಹಿಡಿಸುತ್ತದೆ ಅಂತ ಬರೆದಿರುತ್ತದೆ, ಅದನ್ನು ಓದದೆ ಕೊಳ್ಳಬೇಡಿ. ನಾಲ್ಕು ಎಳೆಯನ್ನು ಜಡೆ ಹೆಣೆದರೆ ಒಟ್ಟು ದಪ್ಪ ಒಂದು ಎಳೆಯ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಅಂದರೆ 1.3 ಎಂಎಂ ಎಳೆ ತಗೊಂಡರೆ ಜಡೆ 3 ಎಂಎಂಗಿಂತ ಸ್ವಲ್ಪ ಜಾಸ್ತಿ. ತೂತು 4 ಇದ್ದರೆ ಒಂದು ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ತುಂಡು ಹಾಕಿ ದಪ್ಪ ಮಾಡಬಹುದು. ತೂತು 6 ಇದ್ದರೆ ಕೇಬಲ್ ಅದರೊಳಗೆ ಗಂಟೆಯ ನಾಲಿಗೆಯ ಹಾಗೆ ಅಲ್ಲಾಡುತ್ತದೆ. ತೂತು 2.5 ಇದ್ದರೆ ಜಡೆ ಒಳಗೆ ಇಳಿಯುವುದೇ ಇಲ್ಲ.

ಕೇಬಲನ್ನು ಪಿನ್ ಹೇಗೆ ಹಿಡಿದುಕೊಳ್ಳುತ್ತದೆ ಅನ್ನುವುದು ಮುಖ್ಯ. ಮೂರು ಬಗೆ ಸಿಗುತ್ತವೆ. ಅಗ್ಗದವುಗಳಲ್ಲಿ ಗ್ರೌಂಡ್ ಪಟ್ಟಿಯ ಕೊನೆಗೆ ಎರಡು ಉಗುರು ಇರುತ್ತವೆ, ಇಕ್ಕಳದಿಂದ ಒತ್ತಿ ಕೇಬಲಿನ ಹೊರ ಚರ್ಮದ ಮೇಲೆ ಮಡಿಸಬೇಕು. ಇದು ಸಾಲದು ಅನ್ನಿಸಿದರೂ ನೀಟಾಗಿ ಮಾಡಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಜನ ತಪ್ಪು ಮಾಡುವುದು ಎಲ್ಲಿ ಅಂದರೆ, ಚರ್ಮವನ್ನು ಜಾಸ್ತಿ ಸುಲಿದು ಉಗುರನ್ನು ಒಳಗಿನ ಸಣ್ಣ ಎಳೆಗಳ ಮೇಲೆ ಮಡಿಸುತ್ತಾರೆ. ಆಗ ಹಿಡಿಯಬೇಕಾದ ಉಗುರೇ ಕತ್ತರಿಸುತ್ತದೆ. ಎರಡನೆಯದು ಪಕ್ಕದಲ್ಲಿ ಒಂದು ಪುಟಾಣಿ ಸ್ಕ್ರೂ ಇರುವುದು. ನೋಡಲು ಗಟ್ಟಿ, ಆದರೆ ಸ್ಕ್ರೂ ಒಂದೇ ಚುಕ್ಕೆಯಲ್ಲಿ ಒತ್ತುತ್ತದೆ, ಜಾಸ್ತಿ ತಿರುಗಿಸಿದರೆ ನೇರ ತಂತಿಗೇ ಚುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಹೀಟ್ ಶ್ರಿಂಕ್ ಎರಡು ಸುತ್ತು ಇರಲೇಬೇಕು. ಮೂರನೆಯದು ಬ್ಯಾರಲ್ ತಿರುಗಿಸಿದ ಹಾಗೆ ಸುತ್ತಲಿಂದಲೂ ಬಿಗಿಯಾಗುವ ಹಲ್ಲುಗಳಿರುವುದು, ಡ್ರಿಲ್ ಮಿಷಿನ್ ಬಿಟ್ ಹಿಡಿಯುವ ಹಾಗೆ. ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ. ನ್ಯೂಟ್ರಿಕ್, ಅವರದೇ ಅಗ್ಗದ ಸಾಲು ರೀನ್, ಆಂಫಿನಾಲ್, ಸ್ವಿಚ್‌ಕ್ರಾಫ್ಟ್, ಇವು ಕಣ್ಣು ಮುಚ್ಚಿ ಕೊಳ್ಳಬಹುದಾದ ಹೆಸರುಗಳು. ಆದರೆ ಕೊಳ್ಳುವ ಜಾಗದಲ್ಲಿ ಮಾತ್ರ ಕಣ್ಣು ತೆರೆದಿರಲಿ, ಯಾಕೆಂದರೆ ಹೆಸರಾಂತ ಪಿನ್‌ಗಳ ನಕಲು ಬೇಕಾದಷ್ಟಿವೆ. ಬಂದ ತಕ್ಷಣ ಬೆಸುಗೆಗೆ ಮುಂಚೆಯೇ ನಾಲ್ಕೈದು ಬೇರೆ ಬೇರೆ ಸಾಕೆಟ್‌ಗೆ ಚುಚ್ಚಿ ನೋಡಿ. ‘ಟಕ್’ ಅಂತ ಕೂರಬೇಕು. ಮೆತ್ತಗೆ ಜಾರಿದರೆ ತುದಿಯ ಆಕಾರವೇ ತಪ್ಪಾಗಿದೆ ಅಂತ ಅರ್ಥ.

ನೇರ ಪಿನ್ನೋ, ಅಡ್ಡ ಪಿನ್ನೋ? ಫೋನನ್ನು ಪ್ಯಾಂಟ್ ಜೇಬಿನಲ್ಲಿ ಇಡುವವರಿಗೆ ಅಡ್ಡ. ಬೆಸುಗೆ ಹಾಕಲು ಜಾಗ ಕಡಿಮೆ, ಕೈ ಸ್ವಲ್ಪ ಪಳಗಿರಬೇಕು, ಆದರೆ ಬಾಳಿಕೆ ಜಾಸ್ತಿ. ಮೇಜಿನ ಮೇಲೆ ಬಳಸುವವರಿಗೆ ನೇರ ಸಾಕು.

ಚಿನ್ನ, ನಿಕ್ಕಲ್, ರೋಡಿಯಂ

ಬೇಗ ಮುಗಿಸುತ್ತೇನೆ. ಪಿನ್ನಿನ ಒಡಲು ಹಿತ್ತಾಳೆ, ಮೇಲೆ ತೆಳು ಲೇಪ. ಚಿನ್ನಕ್ಕೆ ತುಕ್ಕು, ಕಿಲುಬು ಹಿಡಿಯುವುದಿಲ್ಲ, ಅದೇ ಅದರ ಲಾಭ. ನಮ್ಮ ಊರಿನ ಏಪ್ರಿಲ್ ಬೆವರಿಗೆ ಅದು ಒಳ್ಳೆಯದೇ. ನಿಕ್ಕಲ್ ಗಟ್ಟಿ, ಸವೆಯುವುದು ಕಡಿಮೆ, ವರ್ಷಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರಡರ ದನಿಯಲ್ಲಿ ವ್ಯತ್ಯಾಸ ಕೇಳಿಸುವುದಿಲ್ಲ. ರೋಡಿಯಂ ಅಂತ ನಾನೊಂದು ದುಬಾರಿ ಪಿನ್ ತರಿಸಿದ್ದೆ, ಆರು ತಿಂಗಳಿಗೆ ಬೆಳ್ಳಿ ಬಣ್ಣ ಕಿತ್ತು ಒಳಗಿನ ಹಳದಿ ಹಿತ್ತಾಳೆ ಇಣುಕಿತು. ಅದರ ದುಡ್ಡಿನಲ್ಲಿ ಮನೆಯವರೆಲ್ಲ ಎರಡು ಸಲ ಬೆಣ್ಣೆ ದೋಸೆ ತಿನ್ನಬಹುದಿತ್ತು.

ಲೇಪಕ್ಕಿಂತ ಒಳಗಿನ ಪ್ಲಾಸ್ಟಿಕ್ ಗಮನಿಸಿ. ಭಾಗಗಳ ನಡುವೆ ಇರುವ ಕಪ್ಪು ಅಥವಾ ಬಿಳಿ ಉಂಗುರಗಳು ಅಗ್ಗದ ಪಿನ್‌ಗಳಲ್ಲಿ ಬೆಸುಗೆಯ ಬಿಸಿಗೆ ಮೆತ್ತಗಾಗಿ, ಒಳಗಿನ ಕಡ್ಡಿ ಓರೆಯಾಗಿ ಗ್ರೌಂಡಿಗೆ ತಗಲುತ್ತದೆ. ಟೆಫ್ಲಾನ್ ಆದರೆ ತಡೆದುಕೊಳ್ಳುತ್ತದೆ.

ಕಿವಿಯ ಕಡೆಯ ಕನೆಕ್ಟರ್ ಬಗ್ಗೆ ಹೆಚ್ಚು ಆಯ್ಕೆ ಇಲ್ಲ, ನಿಮ್ಮ ಇಯರ್‌ಫೋನಿನಲ್ಲಿ ಏನಿದೆಯೋ ಅದೇ. ಎಂಎಂಸಿಎಕ್ಸ್ (ಒತ್ತಿ ಕೂರಿಸುವ ಗುಂಡನೆಯ ಕನೆಕ್ಟರ್) ಆದರೆ ನಡುವಿನ ಸೂಜಿ ಪ್ಲಸ್, ಸುತ್ತಲಿನ ಬಳೆ ಮೈನಸ್. ಎರಡು ಕಡ್ಡಿಯದು ಆದರೆ ಸಾಮಾನ್ಯವಾಗಿ 0.78 ಎಂಎಂ. 0.75ರ ಕಡ್ಡಿಯೂ ಸಿಗುತ್ತದೆ, ಅದನ್ನು 0.78 ತೂತಿಗೆ ಹಾಕಿದರೆ ಸಡಿಲ. ಹಳೆಯ ಕೇಬಲಿನಲ್ಲಿ ಯಾವ ಕಡ್ಡಿ ಪ್ಲಸ್ ಅಂತ ಮಲ್ಟಿಮೀಟರಿನಲ್ಲಿ ನೋಡಿ, ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಕೈ ಹಾಕಿ.

ಬೆಸುಗೆ

ಮೊದಲ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಬೆಳ್ಳಿ ಬೆಸುಗೆ ಆದರೆ ಸೌಂಡ್ ಚೆನ್ನಾಗಿರುತ್ತದೆ ಅಂತ. ನಮ್ಮ ಓಣಿಯಲ್ಲಿ ಒಬ್ಬರು ಪತ್ತಾರರಿದ್ದಾರೆ, ಬೆಳ್ಳಿ ಕಾಲುಂಗುರ, ಗೆಜ್ಜೆ ಬೆಸೆಯುವವರು. ಅವರ ಹತ್ತಿರ ಹೋಗಿ ಚೂರು ಬೆಳ್ಳಿ ಬೆಸುಗೆ ಕೊಡಿ ಅಂದೆ. ಅವರು ನನ್ನ ಕೈಯಲ್ಲಿದ್ದ 25 ವ್ಯಾಟಿನ ಸೋಲ್ಡರಿಂಗ್ ಐರನ್ ನೋಡಿ ನಕ್ಕುಬಿಟ್ಟರು. “ತಮ್ಮಾ, ಇದು ನಿನ್ನ ಕರೆಂಟ್ ಕಡ್ಡಿಗೆ ಕರಗೋದಲ್ಲಪ್ಪ. ಬಿಳಿಗಾರ ಹಚ್ಚಿ ಬೆಂಕಿ ಊದಬೇಕು.” ಅವರು ಹೇಳಿದ್ದು ಸರಿ. ಒಡವೆಯ ಬೆಳ್ಳಿ ಬೆಸುಗೆ ಕರಗಲು 600 ಡಿಗ್ರಿಗಿಂತ ಜಾಸ್ತಿ ಕಾವು ಬೇಕು. ನಮ್ಮ ಕೆಲಸದ್ದು ಮೆತು ಬೆಸುಗೆ, ಅದು 180ರಿಂದ 230 ಡಿಗ್ರಿ ನಡುವಿನ ಆಟ. ಎರಡಕ್ಕೂ ‘ಸಿಲ್ವರ್ ಸೋಲ್ಡರ್’ ಅಂತಲೇ ಹೆಸರು ಬರೆದು ಮಾರುತ್ತಾರೆ, ಹುಷಾರು.

ಮೆತು ಬೆಸುಗೆಯಲ್ಲಿ ನೀವು ನೋಡುವ ಅಂಕಿಗಳು ತವರ ಮತ್ತು ಸೀಸದ ಪಾಲು. 63/37 ಅಂದರೆ ತವರ 63, ಸೀಸ 37. ಇದರ ವಿಶೇಷ ಏನೆಂದರೆ ಸರಿಯಾಗಿ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗುತ್ತದೆ, ಅಲ್ಲೇ ಒಮ್ಮೆಗೇ ಗಟ್ಟಿಯಾಗುತ್ತದೆ. ನಡುವೆ ಗಂಜಿಯ ಹದ ಇಲ್ಲ. 60/40ರಲ್ಲಿ 183ರಿಂದ 190ರವರೆಗೆ ಅರ್ಧ ಗಟ್ಟಿ, ಅರ್ಧ ನೀರು. ಏಳು ಡಿಗ್ರಿ ಏನು ಮಹಾ ಅನ್ನಿಸಬಹುದು, ಆದರೆ ಕೂದಲಿನಷ್ಟು ತಂತಿಯನ್ನು ಒಂದು ಕೈಯಲ್ಲಿ ಹಿಡಿದು ಕೂತಾಗ ಆ ಹೊತ್ತಿನಲ್ಲಿ ಕೈ ಒಂಚೂರು ಅಲುಗಿದರೆ ಬೆಸುಗೆ ಒಳಗೇ ಬಿರುಕು ಬಿಡುತ್ತದೆ. ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಎರಡು ತಿಂಗಳಿಗೆ ‘ಕರ್ ಕರ್’ ಶುರು. ಮನೆಯಲ್ಲಿ ಮಾಡುವವರಿಗೆ ನನ್ನ ಉತ್ತರ 63/37, ಬೇರೆ ಮಾತಿಲ್ಲ.

ಸೀಸವಿಲ್ಲದ ಬೆಸುಗೆಯೂ ಇದೆ. ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸದಂಥ ವಿಷ ವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ರೋಹ್ಸ್ ನಿಯಮ 2006ರ ಜುಲೈ 1ರಿಂದ ಜಾರಿಯಾದ ಮೇಲೆ ಕಾರ್ಖಾನೆಗಳೆಲ್ಲ ಆ ಕಡೆ ಹೊರಳಿದವು. ಹೆಚ್ಚು ನಡೆಯುವುದು ಎಸ್‌ಎಸಿ 305: ತವರ 96.5, ಬೆಳ್ಳಿ 3, ತಾಮ್ರ 0.5. ಕರಗುವುದು 217-220 ಡಿಗ್ರಿಯಲ್ಲಿ. ಐರನ್ ಕಾವು ಜಾಸ್ತಿ ಬೇಕು, ಅಂದರೆ ಪಿನ್ನಿನ ಪ್ಲಾಸ್ಟಿಕ್ ಮೇಲೆ ಒತ್ತಡವೂ ಜಾಸ್ತಿ. ಬೆಸುಗೆ ಮಂಕಾಗಿ ಕಾಣುವುದು ಅದರ ಸಹಜ ಗುಣ, ಕೆಟ್ಟ ಬೆಸುಗೆ ಅಂತ ಗಾಬರಿಯಾಗಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಸೀಸವೇ ಬೇಡ ಅನ್ನುವವರು ಇದನ್ನು ಬಳಸಲಿ, ಆದರೆ ಹತ್ತು ಪಿನ್ ಅಭ್ಯಾಸ ಆದ ಮೇಲೆ.

ಸೀಸದ ಭಯ ಎಷ್ಟು ನಿಜ? ಐರನ್ನಿನ 350 ಡಿಗ್ರಿಗೆ ಸೀಸ ಆವಿಯಾಗುವುದಿಲ್ಲ. ಮೇಲೇಳುವ ಹೊಗೆ ಫ್ಲಕ್ಸಿನದು, ಅದೂ ಒಳ್ಳೆಯದಲ್ಲ, ದಮ್ಮು ಇರುವವರಿಗಂತೂ ಬೇಡವೇ ಬೇಡ, ಕಿಟಕಿ ತೆರೆದಿಡಿ. ಸೀಸ ಮೈ ಸೇರುವುದು ಕೈಯಿಂದ ಬಾಯಿಗೆ. ನನ್ನ ಗೆಳೆಯನೊಬ್ಬ ಬೆಸುಗೆ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚಿಟ್ಟುಕೊಂಡು ಕೆಲಸ ಮಾಡುತ್ತಾನೆ. ಎಷ್ಟು ಬೈದರೂ ಕೇಳುವುದಿಲ್ಲ. ನೀವು ಹಾಗೆ ಮಾಡಬೇಡಿ. ಕೆಲಸ ಮುಗಿಸಿ, ಸೋಪು ಹಾಕಿ ಕೈ ತೊಳೆದು, ಆಮೇಲೆ ಮಂಡಕ್ಕಿ.

ಹಾಗಾದರೆ ಬೆಳ್ಳಿ ಬೆರೆಸಿದ ಬೆಸುಗೆಗೆ ಬೆಲೆಯೇ ಇಲ್ಲವಾ? ಇದೆ, ಆದರೆ ಬೇರೆ ಕಾರಣಕ್ಕೆ. ತಂತಿಗೆ ಬೆಳ್ಳಿ ಲೇಪ ಇದ್ದರೆ ಕರಗಿದ ತವರ ಆ ಬೆಳ್ಳಿಯನ್ನು ತಿಂದುಹಾಕುತ್ತದೆ. ಬೆಸುಗೆಯಲ್ಲೇ ಮೊದಲೇ 2 ಪಾಲು ಬೆಳ್ಳಿ ಇದ್ದರೆ ಆ ಹಸಿವು ಕಡಿಮೆ. ಅದಕ್ಕೇ 62/36/2 ಅನ್ನುವ ಬೆಸುಗೆ ಇರುವುದು, ಅದು 179 ಡಿಗ್ರಿಗೇ ಕರಗುತ್ತದೆ, ಕೆಲಸಕ್ಕೂ ಸುಖ. ದನಿಯ ಲೆಕ್ಕ ಬೇಕಾದರೆ ನೋಡಿ: ಒಂದು ಎಂಎಂ ಉದ್ದ, ಒಂದು ಚದರ ಎಂಎಂ ದಪ್ಪದ 63/37 ಬೆಸುಗೆಯ ರೆಸಿಸ್ಟೆನ್ಸ್ ಸುಮಾರು 0.15 ಮಿಲಿ ಓಂ. ಅಮೆರಿಕದ ಅಳತೆಯ 28 ಗೇಜ್ (ಎಡಬ್ಲ್ಯುಜಿ) ತಾಮ್ರದ ತಂತಿ 1.2 ಮೀಟರ್ ಹೋಗಿ ಬರುವುದಕ್ಕೆ ಸುಮಾರು 500 ಮಿಲಿ ಓಂ. ಒಂದು ಬಕೆಟ್ ನೀರಿಗೆ ಒಂದು ಚಮಚ. ಬೆಸುಗೆ ಬದಲಿಸಿ ದನಿ ಬದಲಾಯಿತು ಅನ್ನುವವರ ಹಳೆಯ ಬೆಸುಗೆಯೇ ಕೆಟ್ಟಿತ್ತು ಅಂತ ನನ್ನ ಅನುಮಾನ.

ತಂತಿಯ ದಪ್ಪ: ಅಂಗಡಿಯಲ್ಲಿ ಸುಮ್ನೆ ಲೆಡ್ ಕೊಡಿ ಅಂದರೆ 18 ಗೇಜ್ ಕೊಡುತ್ತಾರೆ, ಅದು 1.2 ಎಂಎಂ, ಮಿಕ್ಸಿ ಕೆಲಸಕ್ಕೆ ಸರಿ. 22 ಗೇಜ್ ಕೇಳಿ, 0.7 ಎಂಎಂ ಬರುತ್ತದೆ. ಇನ್ನೂ ಸಣ್ಣದು, 0.5, ಸಿಕ್ಕರೆ ಬಿಡಬೇಡಿ. ಸಣ್ಣ ಉಂಡೆಯನ್ನೇ ಕೊಳ್ಳಿ, 50 ಗ್ರಾಂ ವರ್ಷಗಟ್ಟಲೆ ಬರುತ್ತದೆ.

ಪೇಸ್ಟ್ ಡಬ್ಬಿ

ಈಗ ಹೊಟ್ಟೆಯ ವಿಷಯ. ಒಳ್ಳೆಯ ಬೆಸುಗೆ ತಂತಿಯನ್ನು ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿದರೆ ನಡುವೆ ಚುಕ್ಕೆಯಷ್ಟು ತೂತು, ಅದರೊಳಗೆ ರೋಸಿನ್ ಕಾಣುತ್ತದೆ. ಪೈನ್ ಮರದ ಅಂಟಿನಿಂದ ಮಾಡುವುದು ಅದು. ಕರಗಿದಾಗ ದೇವರ ಮನೆಯಲ್ಲಿ ಧೂಪ ಹಾಕಿದ ಹಾಗೆ ವಾಸನೆ ಬರುತ್ತದೆ. ಅದು ಬಿಸಿಯಲ್ಲಿ ತಾಮ್ರದ ಮೇಲಿನ ಕಿಲುಬನ್ನು ತಿಂದು ಬೆಸುಗೆಗೆ ದಾರಿ ಮಾಡುತ್ತದೆ, ತಣ್ಣಗಾದ ಮೇಲೆ ಗಾಜಿನ ಹಾಗೆ ಗಟ್ಟಿಯಾಗಿ ಸುಮ್ಮನಿರುತ್ತದೆ. ಸುಮ್ಮನಿರುವುದೇ ಅದರ ದೊಡ್ಡ ಗುಣ.

ನಾನು ಮಾಡಿದ ತಪ್ಪು ಏನೆಂದರೆ, ಅಗ್ಗದ ಬೆಸುಗೆ ಹಿಡಿಯುತ್ತಿಲ್ಲ ಅಂತ ಒಂದು ಅಂಗಡಿಯಲ್ಲಿ ಪೇಸ್ಟ್ ಡಬ್ಬಿ ತಂದೆ. ಆಹಾ, ಎಷ್ಟು ಚೆನ್ನಾಗಿ ಹಿಡಿಯಿತು ಗೊತ್ತಾ, ತವರ ಎಣ್ಣೆಯ ಹಾಗೆ ಓಡಿತು. ಆ ಖುಷಿಯಲ್ಲಿ ಮೂರು ಕೇಬಲ್ ಮಾಡಿದೆ, ಒಂದನ್ನು ತಂಗಿಯ ಮಗನಿಗೂ ಕೊಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೂರೂ ಸತ್ತವು. ಬಿಚ್ಚಿ ನೋಡಿದರೆ ತಂತಿಯ ಬುಡ ಹಸಿರು, ಮುಟ್ಟಿದರೆ ಉದುರುತ್ತದೆ. ಅದು ನಲ್ಲಿ ಪೈಪು, ತಗಡಿನ ಕೆಲಸದ ಪೇಸ್ಟ್, ಆಸಿಡ್ ಇರುವಂಥದ್ದು. ಜಿಂಕ್ ಕ್ಲೋರೈಡ್ ಬಗೆಯ ಈ ಫ್ಲಕ್ಸ್ ತಣ್ಣಗಾದ ಮೇಲೂ ಕೆಲಸ ನಿಲ್ಲಿಸುವುದಿಲ್ಲ, ಗಾಳಿಯ ತೇವ ಹೀರಿಕೊಂಡು ತಾಮ್ರ ತಿನ್ನುತ್ತಲೇ ಇರುತ್ತದೆ. ಡಬ್ಬಿಯ ಮೇಲೆ ರೋಸಿನ್, ಆರ್‌ಎಂಎ, ಅಥವಾ ನೋ ಕ್ಲೀನ್ ಅಂತ ಇಲ್ಲದ್ದನ್ನು ಇಯರ್‌ಫೋನ್ ಹತ್ತಿರ ತರಬೇಡಿ.

ಬೆಸುಗೆಯೇ ಸರಿಯಿಲ್ಲದಿರಬಹುದು ಅನ್ನುವುದೂ ನೆನಪಿರಲಿ. 60/40 ಅಂತ ಬರೆದು ಒಳಗೆ ಸೀಸವೇ ಜಾಸ್ತಿ ಇದ್ದರೆ ಅದು ಬೂದು ಬೂದಾಗಿ, ಕರಗಲು ಒದ್ದಾಡುತ್ತದೆ. ತವರ 40, ಸೀಸ 60 ಆದರೆ ಪೂರ್ತಿ ಕರಗಲು ಸುಮಾರು 238 ಡಿಗ್ರಿ ಬೇಕು. ಐರನ್ ತುದಿಯಲ್ಲಿ ಒಂದು ಹನಿ ಕರಗಿಸಿ ಕಾಗದದ ಮೇಲೆ ಉದುರಿಸಿ. ಕನ್ನಡಿಯ ಹಾಗೆ ಹೊಳೆದರೆ ಇಟ್ಟುಕೊಳ್ಳಿ.

ಕೈ ಹಾಕುವ ಹೊತ್ತು

ಫ್ಯಾನ್ ಆಫ್ ಮಾಡಿ. ಬೇಸಿಗೆಯಲ್ಲಿ ಇದು ಶಿಕ್ಷೆಯೇ, ಆದರೆ ಗಾಳಿ ಬೀಸಿದರೆ ಬೆಸುಗೆ ಅರ್ಧಕ್ಕೆ ತಣ್ಣಗಾಗುತ್ತದೆ. ನಾನು ಬೆಳಿಗ್ಗೆ ಆರಕ್ಕೆ ಕೂರುತ್ತೇನೆ.

ಬ್ಯಾರಲ್ ಮೊದಲು ಕೇಬಲಿಗೆ ಏರಿಸಿ. ಆಮೇಲೆ ಅದರೊಳಗಿನ ಪ್ಲಾಸ್ಟಿಕ್ ಕೊಳವೆ, ಹೀಟ್ ಶ್ರಿಂಕ್. ಬೆಸುಗೆ ಎಲ್ಲಾ ಮುಗಿದು, ಹೊಳೆಯುವ ಮೂರು ಗುಂಡುಗಳನ್ನು ನೋಡಿ ಹೆಮ್ಮೆಪಟ್ಟು, ಆಮೇಲೆ ಬ್ಯಾರಲ್ ಮೇಜಿನ ಮೇಲೆಯೇ ಕೂತಿರುವುದನ್ನು ನೋಡುವ ಸಂಕಟ ನನಗೆ ಕನಿಷ್ಠ ಐದು ಸಲ ಆಗಿದೆ.

ಹೊರ ಚರ್ಮ 8-10 ಎಂಎಂ ಸುಲಿಯಿರಿ. ಹಳೆಯ ಇಯರ್‌ಫೋನಿನ ಕೇಬಲ್ ಬಳಸುತ್ತಿದ್ದರೆ ಒಳಗೆ ಕೆಂಪು, ಹಸಿರು, ತಾಮ್ರದ ಬಣ್ಣದ ಎಳೆಗಳು, ಅವುಗಳ ನಡುವೆ ನೂಲು ಸಿಗುತ್ತದೆ. ಸಾಮಾನ್ಯವಾಗಿ ಕೆಂಪು ಬಲ, ಹಸಿರು ಅಥವಾ ನೀಲಿ ಎಡ, ತಾಮ್ರದ ಬಣ್ಣ ಗ್ರೌಂಡ್, ಆದರೂ ಮೀಟರ್ ಹೇಳುವುದೇ ಕೊನೆಯ ಮಾತು. ನೂಲನ್ನು ಕತ್ತರಿಸಿ ಎಸೆಯಬೇಡಿ. ಹತ್ತಿ ಮಿಲ್ಲಿನಿಂದ ಹೆಸರಾದ ಊರಿನವರು ನಾವು, ನೂಲಿನ ಬೆಲೆ ನಮಗೆ ಹೇಳಿಕೊಡಬೇಕಾ? ಎಳೆದರೆ ತಾಮ್ರ ತುಂಡಾಗುತ್ತದೆ, ಭಾರ ಹೊರುವುದು ನೂಲು. ಅದನ್ನು ಹಿಂದಕ್ಕೆ ಮಡಿಸಿ ಪಿನ್ನಿನ ಉಗುರಿನ ಅಡಿ ಸಿಕ್ಕಿಸಿ, ಜಗ್ಗಿದಾಗ ಬೆಸುಗೆಗೆ ಏಟು ಬೀಳುವುದಿಲ್ಲ.

ಎಳೆಗಳ ಮೇಲಿನ ಆ ಬಣ್ಣ ಅಂದರೆ ಅರಗಿನಂಥ ಲೇಪ, ಅದರ ಮೇಲೆ ಬೆಸುಗೆ ಹಿಡಿಯುವುದಿಲ್ಲ. ಲೈಟರಿನಲ್ಲಿ ಸುಡುವವರಿದ್ದಾರೆ, ತಾಮ್ರ ಕಪ್ಪಾಗಿ ಇನ್ನೂ ಕಷ್ಟ. ಐರನ್ 390-400 ಡಿಗ್ರಿಗೆ ಏರಿಸಿ, ತುದಿಯಲ್ಲಿ ದೊಡ್ಡ ಹನಿ ಬೆಸುಗೆ ಮಾಡಿಕೊಂಡು ಅದರೊಳಗೆ ತಂತಿಯ ತುದಿಯನ್ನು ನಿಧಾನಕ್ಕೆ ಮುಳುಗಿಸಿ. ಲೇಪ ಗುಳ್ಳೆಯೆದ್ದು ಹೊಗೆಯಾಗಿ ಹೋಗುತ್ತದೆ, ತಂತಿ ತುದಿಯಿಂದ ಮೇಲಕ್ಕೆ ಬೆಳ್ಳಗಾಗುತ್ತಾ ಬರುತ್ತದೆ. ಪೂರ್ತಿ ಬೆಳ್ಳಗಾಗುವವರೆಗೂ ಬಿಡಬೇಡಿ. ಕಾವು ಹೊಂದಿಸಲು ಬಾರದ ಮಾಮೂಲಿ 25 ವ್ಯಾಟ್ ಐರನ್ನಿನಲ್ಲೂ ಆಗುತ್ತದೆ, ತಾಳ್ಮೆ ಬೇಕು ಅಷ್ಟೇ. ಆಮೇಲೆ ಕಾವನ್ನು 330-350ಕ್ಕೆ ಇಳಿಸಿ.

ಪಿನ್ನನ್ನು ಇಕ್ಕಳದಲ್ಲಿ ಹಿಡಿಯುವ ಬದಲು ಹಳೆಯ ಎಕ್ಸ್‌ಟೆನ್ಷನ್ ಕೇಬಲಿನ ಹೆಣ್ಣು ಸಾಕೆಟ್ಟಿಗೆ ಚುಚ್ಚಿ ನಿಲ್ಲಿಸಿ. ಬಿಸಿ ಸ್ವಲ್ಪ ಆ ಕಡೆ ಹೋಗುತ್ತದೆ, ಪ್ಲಾಸ್ಟಿಕ್ ಮೆತ್ತಗಾದರೂ ಒಳಗಿನ ಭಾಗಗಳು ಜಾಗ ಬಿಟ್ಟು ಓರೆಯಾಗುವುದಿಲ್ಲ. ಪಿನ್ನಿನ ಹಿಂಬದಿಯಲ್ಲಿ ತಂತಿ ಬೆಸೆಯುವ ಪ್ರತಿ ಪಟ್ಟಿಗೂ ಮೊದಲು ಒಂದು ತೆಳು ಪದರ ಬೆಸುಗೆ ಹಚ್ಚಿ. ತಂತಿಗೂ ಹಚ್ಚಿದ್ದೀರಿ. ಈಗ ಎರಡನ್ನೂ ತಾಗಿಸಿ ಐರನ್ ಇಟ್ಟರೆ ಎರಡು-ಮೂರು ಸೆಕೆಂಡಿನಲ್ಲಿ ಒಂದಾಗುತ್ತವೆ. ಗ್ರೌಂಡ್ ಮೊದಲು ಮಾಡಿ, ಅದಕ್ಕೆ ಬಿಸಿ ಜಾಸ್ತಿ ಬೇಕು, ಆಮೇಲೆ ಬಲ, ಎಡ. ಐದು ಸೆಕೆಂಡಿಗೂ ಹಿಡಿಯದಿದ್ದರೆ ಒತ್ತಿ ಕೂರಬೇಡಿ, ತೆಗೆದು ತಣ್ಣಗಾಗಲು ಬಿಟ್ಟು ಮತ್ತೆ ಬನ್ನಿ. ಉಸಿರು ಹಿಡಿದು ಮೂರು ಎಣಿಸುವವರೆಗೂ ತಂತಿ ಅಲುಗಿಸಬೇಡಿ.

ಮುಚ್ಚುವ ಮೊದಲು, ಇಯರ್‌ಫೋನ್ ಕಳಚಿ, ಮೀಟರನ್ನು ಬೀಪ್‌ಗೆ ಇಟ್ಟು ತುದಿ, ಉಂಗುರ, ಬುಡ ಯಾವ ಎರಡನ್ನು ಮುಟ್ಟಿದರೂ ಸದ್ದು ಬರಬಾರದು. ಕೇಬಲನ್ನು ಬಾಗಿಸುತ್ತಾ ಇನ್ನೊಮ್ಮೆ ನೋಡಿ. ಇಯರ್‌ಫೋನ್ ಹಾಕಿ ಓಂಗೆ ತಿರುಗಿಸಿದರೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಅಂಕಿ, 16 ಅಥವಾ 32ರ ಆಸುಪಾಸು, ಕಿವಿಯಲ್ಲಿ ಸಣ್ಣಗೆ ‘ಕಟಕ್’. ಆಮೇಲೆ ಉಗುರು ಮಡಿಸಿ, ಬ್ಯಾರಲ್ ತಿರುಗಿಸಿ.

ಹಾಡು ಹಾಕಿದಾಗ ಎಲ್ಲಾ ಕೇಳುತ್ತಿದೆ, ಆದರೆ ಡೋಲಿನ ಏಟು ತೆಳ್ಳಗಾಗಿದೆ, ಹಾಡುವವರ ದನಿ ತಲೆಯ ನಡುವೆ ನಿಲ್ಲದೆ ಎರಡೂ ಕಡೆ ಹರಡಿಕೊಂಡಿದೆ ಅನ್ನಿಸಿದರೆ ಒಂದು ಕಿವಿಯ ಪ್ಲಸ್ ಮೈನಸ್ ಉಲ್ಟಾ ಆಗಿದೆ. ಫೋನಿನಲ್ಲಿ ಮೋನೋ ಆಯ್ಕೆ ಹಾಕಿ ಕೇಳಿದರೆ ಇನ್ನೂ ಸ್ಪಷ್ಟ. ಪಿನ್ ಬಿಚ್ಚುವ ಮೊದಲು ಕಿವಿಯ ಕಡೆಯ ಕನೆಕ್ಟರ್ ನೋಡಿ, ನನ್ನ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.